ದಾವಣಗೆರೆ–ಚಿತ್ರದುರ್ಗದ ಸಿನಿಮಾ, ಧಾರಾವಾಹಿ ಕಲಾವಿದರಿಗೆ ಯೂನಿಯನ್: ಎಲ್ಲಿಂದ ಶುರು ಮಾಡಬೇಕು?

ರಂಗಬೆಳಕು_ದಾವಣಗೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಹರಿಹರ, ಚಿತ್ರದುರ್ಗ, ಹೊಸದುರ್ಗ, ಹಿರಿಯೂರು ಕಡೆಯ ಸುಮಾರು 40 ಕಲಾವಿದರು ಸೇರಿ ಯೂನಿಯನ್ ಕಟ್ಟಲು ಮುಂದಾಗಿದ್ದೇವೆ. ಅರ್ಧಕ್ಕಿಂತ ಹೆಚ್ಚು ಜನ ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಜೂನಿಯರ್ ಆರ್ಟಿಸ್ಟ್‌ಗಳು. ಉಳಿದವರು ಕಂಪನಿ ನಾಟಕಗಳಲ್ಲೋ ರೆಪರ್ಟರಿಗಳಲ್ಲೋ ಪಳಗಿ ಈಗ ಧಾರಾವಾಹಿ, ವೆಬ್ ಸರಣಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುವವರು.

ತೊಂದರೆಗಳು ಇಲ್ಲಿನ ಎಲ್ಲರಿಗೂ ಗೊತ್ತಿರುವಂಥವೇ. ಶೂಟಿಂಗ್ ಯೂನಿಟ್ ಚಿತ್ರದುರ್ಗದ ಕೋಟೆಗೋ ಚಂದ್ರವಳ್ಳಿಗೋ ವಾಣಿವಿಲಾಸ ಸಾಗರಕ್ಕೋ ಬಂದಾಗ, ಕಲಾವಿದರನ್ನು ಒದಗಿಸುವ ಕೋಆರ್ಡಿನೇಟರ್ ಮೂಲಕ ಕರೆ ಬರುತ್ತದೆ. ಹೇಳಿದ ರೇಟು ಒಂದು, ಕೈಗೆ ಬರುವುದು ಇನ್ನೊಂದು. ಪ್ಯಾಕಪ್ (ದಿನದ ಶೂಟಿಂಗ್ ಮುಗಿಯುವುದು) ಎಷ್ಟೊತ್ತಿಗೋ ಗೊತ್ತಿಲ್ಲ, ಓವರ್‌ಟೈಮ್ ಮಾತೇ ಇಲ್ಲ. ಹಣ ಕೇಳಿದರೆ "ಚಾನೆಲ್ ಬಿಲ್ ಪಾಸ್ ಆಗಿಲ್ಲ" ಎಂಬ ಉತ್ತರ. ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಕಾಗದಪತ್ರ ಏನೂ ಇರುವುದಿಲ್ಲ.

ತಿಳಿದವರು ಹೇಳಬೇಕಾದ್ದು ಇಷ್ಟು. ಸೊಸೈಟಿ ಕಾಯ್ದೆಯಲ್ಲಿ ಸಂಘ ಅಂತ ನೋಂದಾಯಿಸುವುದು ಸಾಕಾ, ಟ್ರೇಡ್ ಯೂನಿಯನ್ನೇ ಆಗಬೇಕಾ? ಕಾರ್ಮಿಕ ಸಂಹಿತೆಗಳು ಬಂದ ಮೇಲೆ ವಿಧಾನ ಬದಲಾಗಿದೆಯಾ? ಬೆಂಗಳೂರಿನ ಸಂಘಗಳ ಕಾರ್ಡ್ ಇಲ್ಲದೆ ಕೆಲಸ ಮಾಡುವಂತಿಲ್ಲ ಅನ್ನುವುದು ನಿಜವಾ? ಬಾಕಿ ಹಣ ವಸೂಲಿಗೆ ಯೂನಿಯನ್ ಏನು ಮಾಡಬಹುದು?

ಗಿರಣಿ_ಚೌಕ ಉತ್ತರ:

ರಂಗಬೆಳಕು ಅವರೇ, ಹತ್ತಿ ಗಿರಣಿಗಳ ಕಾಲದಿಂದ ಯೂನಿಯನ್ ಕಂಡ ಊರು ನಮ್ಮದು. ಕಲಾವಿದರೂ ಆ ದಾರಿ ಹಿಡಿಯುತ್ತಿರುವುದು ಬಹಳ ಸಂತೋಷ. ನೇರ ಉತ್ತರ: ಟ್ರೇಡ್ ಯೂನಿಯನ್ನೇ ಮಾಡಿ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಮಾಡುವುದು ಸುಲಭ. ನಾಟಕೋತ್ಸವ ನಡೆಸಲು, ಅನುದಾನಕ್ಕೆ ಅರ್ಜಿ ಹಾಕಲು ಅದು ಸಾಕು. ಆದರೆ ಸದಸ್ಯನ ಪರವಾಗಿ ವೇತನ ಬಾಕಿಯ ಅರ್ಜಿ ಹಾಕುವ ಹಕ್ಕು, ಒಟ್ಟಾಗಿ ಕೆಲಸ ನಿಲ್ಲಿಸಿದಾಗ ಸಿವಿಲ್ ದಾವೆ ಮತ್ತು ಒಳಸಂಚಿನ ಆರೋಪದಿಂದ ಸಿಗುವ ರಕ್ಷಣೆ, ಇವೆಲ್ಲ ನೋಂದಾಯಿತ ಟ್ರೇಡ್ ಯೂನಿಯನ್‌ಗೆ ಮಾತ್ರ. ಹೆಸರಲ್ಲಿ 'ಕಲಾವಿದರ ಸಂಘ' ಅಂತ ಇದ್ದರೂ ನೋಂದಣಿ ಯಾವ ಕಾಯ್ದೆಯಲ್ಲಿ ಆಗಿದೆ ಅನ್ನುವುದೇ ಮುಖ್ಯ.

2025ರ ನವೆಂಬರ್ 21ರಿಂದ 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ 2020 ಬಂದಿದೆ. ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ನಮೂನೆ, ಮಾದರಿ ಬೈಲಾ (ಯೂನಿಯನ್‌ನ ನಿಯಮಾವಳಿ) ಎಲ್ಲ ಹಳೆಯ ಕಾಯ್ದೆಯವು. ಅವನ್ನು ತುಂಬಬೇಡಿ. ಜಿಲ್ಲಾ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಹೋಗಿ, ಎರಡೂ ಜಿಲ್ಲೆಗಳನ್ನು ಒಳಗೊಂಡ ಯೂನಿಯನ್‌ಗೆ ರಿಜಿಸ್ಟ್ರಾರ್ ಅಧಿಕಾರ ಯಾರಿಗಿದೆ, ಈಗ ಚಾಲ್ತಿಯಲ್ಲಿರುವ ನಮೂನೆ ಯಾವುದು ಎಂದು ಕೇಳಿ ಅದನ್ನೇ ಪಡೆಯಿರಿ.

ಮೂಲ ಷರತ್ತು ಬದಲಾಗಿಲ್ಲ. ಅರ್ಜಿಗೆ ಕನಿಷ್ಠ ಏಳು ಸದಸ್ಯರು ಸಹಿ ಹಾಕಬೇಕು. ಜೊತೆಗೆ ಆ ಸಂಸ್ಥೆ ಅಥವಾ ಉದ್ಯಮದಲ್ಲಿ ದುಡಿಯುವವರಲ್ಲಿ ಶೇ. 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಅರ್ಜಿ ಹಾಕುವ ದಿನ ಸದಸ್ಯರಾಗಿರಬೇಕು. ಹೊಸ ಕಲಾವಿದರ ಗುಂಪುಗಳು ಎಡವುವುದು ಇಲ್ಲೇ. ಬೈಲಾದಲ್ಲಿ "ಕರ್ನಾಟಕದ ಸಮಸ್ತ ಚಲನಚಿತ್ರ ಮತ್ತು ಕಿರುತೆರೆ ಕಲಾವಿದರು" ಎಂದು ಬರೆದರೆ ಶೇ. 10ರ ಲೆಕ್ಕ ಇಡೀ ರಾಜ್ಯದ್ದಾಗುತ್ತದೆ, ಆಗ 100 ಸದಸ್ಯರನ್ನು ತೋರಿಸಿ ಎನ್ನುತ್ತಾರೆ. ನೀವಿರುವುದು 40. ಆದ್ದರಿಂದ ವ್ಯಾಪ್ತಿಯನ್ನು "ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ವಾಸವಿದ್ದು ಚಲನಚಿತ್ರ, ಧಾರಾವಾಹಿ, ವೆಬ್ ಸರಣಿ, ಜಾಹೀರಾತುಗಳಲ್ಲಿ ಅಭಿನಯಿಸುವವರು" ಎಂದು ಬಿಗಿಯಾಗಿ ಬರೆಯಿರಿ. ಹೆಸರೂ ಹಾಗೇ ಇರಲಿ. 'ಅಖಿಲ ಕರ್ನಾಟಕ' ಅಂತ ಇಟ್ಟುಕೊಂಡರೆ ಈಗಾಗಲೇ ಇರುವ ಯೂನಿಯನ್‌ನ ಹೆಸರಿಗೆ ಹೋಲುತ್ತದೆ ಎಂಬ ಆಕ್ಷೇಪವೂ ಬರಬಹುದು.

ಅರ್ಜಿಯ ಜೊತೆ ಹೋಗಬೇಕಾದವು: ನಿಗದಿತ ನಮೂನೆಯ ಅಫಿಡವಿಟ್, ಬೈಲಾ, ಬೈಲಾ ಒಪ್ಪಿಕೊಂಡ ನಿರ್ಣಯದ ಪ್ರತಿ, ಈ ಏಳು ಜನರಿಗೆ ಅರ್ಜಿ ಹಾಕಲು ಅಧಿಕಾರ ಕೊಟ್ಟ ನಿರ್ಣಯದ ಪ್ರತಿ, ಪದಾಧಿಕಾರಿಗಳ ಹೆಸರು, ವಯಸ್ಸು, ವಿಳಾಸ, ಉದ್ಯೋಗ. ಎರಡೂ ನಿರ್ಣಯಗಳು ನಡಾವಳಿ ಪುಸ್ತಕದಲ್ಲಿ ಇರಬೇಕು, ಹಾಜರಿ ಸಹಿಗಳ ಜೊತೆ. ಬೈಲಾ ಒಪ್ಪುವ ಮೊದಲೇ ಅದರ ಪ್ರಕಾರ ಪದಾಧಿಕಾರಿಗಳನ್ನು ಆರಿಸಿದ ಹಾಗೆ ತಾರೀಖು ಬಿದ್ದರೆ ಕಡತ ವಾಪಸ್ ಬರುತ್ತದೆ. ಕಲಾವಿದರಲ್ಲಿ ಇನ್ನೊಂದು ತೊಡಕು ಹೆಸರಿನದು: ಆಧಾರ್‌ನಲ್ಲಿ ಒಂದು, ಟೈಟಲ್ ಕಾರ್ಡ್‌ನಲ್ಲಿ ಇನ್ನೊಂದು. ಆಧಾರ್ ಹೆಸರು ಬರೆದು "ಉರುಫ್" ಎಂದು ಬಣ್ಣದ ಹೆಸರು ಸೇರಿಸಿ, ಎಲ್ಲ ಕಾಗದದಲ್ಲೂ ಅದೇ ರೀತಿ ಇರಲಿ. 'ಕೆಲಸದ ಸ್ಥಳ' ಎಂಬ ಕಾಲಂ ಖಾಲಿ ಬಿಡಬೇಡಿ, 'ಫ್ರೀಲಾನ್ಸ್' ಅಂತಲೂ ಬರೆಯಬೇಡಿ. ಇತ್ತೀಚೆಗೆ ಕೆಲಸ ಮಾಡಿದ ನಿರ್ಮಾಣಗಳ ಹೆಸರು, ಚಿತ್ರೀಕರಣದ ಜಾಗ ಬರೆಯಿರಿ.

ಪದಾಧಿಕಾರಿಗಳ ವಯಸ್ಸು 18 ದಾಟಿರಬೇಕು. ಅಸಂಘಟಿತ ವಲಯದ ಯೂನಿಯನ್ ಆದರೆ ಕನಿಷ್ಠ ಅರ್ಧದಷ್ಟು ಪದಾಧಿಕಾರಿಗಳು ನಿಜವಾಗಿ ಆ ಕೆಲಸದಲ್ಲಿ ಇರುವವರೇ ಆಗಿರಬೇಕು. ಹೊರಗಿನ ಗಣ್ಯರೊಬ್ಬರನ್ನು ಗೌರವಾಧ್ಯಕ್ಷ ಮಾಡುವ ಆಸೆ ಇದ್ದರೆ ಈ ಲೆಕ್ಕ ಮರೆಯಬೇಡಿ.

ಖರ್ಚಿನ ವಿಚಾರ: ಸಾಮಾನ್ಯ ನಿಧಿಯನ್ನು ನಿಯಮಗಳಲ್ಲಿ ಹೇಳಿದ ಉದ್ದೇಶಗಳಿಗೆ ಮಾತ್ರ ಬಳಸಬಹುದು. ಕಚೇರಿ ಖರ್ಚು, ಲೆಕ್ಕಪರಿಶೋಧನೆ, ಕಾನೂನು ಖರ್ಚು, ಸದಸ್ಯರ ಕಾಯಿಲೆ, ಅಪಘಾತ, ಸಾವಿನ ನೆರವು ಬರುತ್ತವೆ. ಸನ್ಮಾನ, ಶಾಲು, ಫ್ಲೆಕ್ಸ್‌ಗೆ ಆ ನಿಧಿ ಮುಟ್ಟಬೇಡಿ, ಅದಕ್ಕೆ ಪ್ರತ್ಯೇಕ ವಂತಿಗೆ ಎತ್ತಿ. ಪ್ರತಿ ವರ್ಷ ಡಿಸೆಂಬರ್ 31ಕ್ಕೆ ಮುಗಿದ ಲೆಕ್ಕವನ್ನು ಆಡಿಟ್ ಮಾಡಿಸಿ ರಿಟರ್ನ್ ಸಲ್ಲಿಸಬೇಕು. ಆಡಿಟರ್ ಏಪ್ರಿಲ್–ಮಾರ್ಚ್ ಲೆಕ್ಕ ಮಾಡಿಕೊಟ್ಟರೆ ಅದು ಇಲ್ಲಿ ನಡೆಯುವುದಿಲ್ಲ. ರಿಟರ್ನ್ ಸಲ್ಲಿಸದೆ ಬಿಟ್ಟು ನೋಂದಣಿ ಕಳೆದುಕೊಂಡರೆ ಇಷ್ಟೆಲ್ಲ ಓಡಾಡಿದ್ದು ವ್ಯರ್ಥ.

ಕಾಲ್‌ಶೀಟ್_577 ಉತ್ತರ:

ಗಿರಣಿ_ಚೌಕ ಸರ್ ನೋಂದಣಿ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಸರ್ಟಿಫಿಕೇಟ್ ಬರುವವರೆಗೂ ಕಾಯಬೇಕಾಗಿಲ್ಲ. ಜಗಳದ ಮುಕ್ಕಾಲು ಪಾಲು ತಪ್ಪುವುದು ಚಿತ್ರೀಕರಣದ ಹಿಂದಿನ ದಿನ ಬರೆದ ಕಾಗದದಿಂದ. ಅದನ್ನು ಇಂದೇ ಶುರು ಮಾಡಬಹುದು.

1981ರ ಸಿನಿ ಕಾರ್ಮಿಕರ ಕಾಯ್ದೆಯಲ್ಲೇ ಲಿಖಿತ ಒಪ್ಪಂದ ಕಡ್ಡಾಯ ಇತ್ತು. ಆದರೆ ಅದು ಕಥಾಚಿತ್ರಗಳಿಗೆ ಮಾತ್ರ, ಧಾರಾವಾಹಿಯವರಿಗೆ ಇರಲಿಲ್ಲ. ಅದರಲ್ಲೂ ಒಟ್ಟು ಸಂಭಾವನೆ 15,000 ರೂಪಾಯಿ ಅಥವಾ ತಿಂಗಳ ಸಂಬಳ 1,600 ರೂಪಾಯಿ ಮೀರಿದವರು ಕಾಯ್ದೆಯ ಹೊರಗೆ. ಈಗ ಅದರ ಬದಲಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ 'ಶ್ರವ್ಯ-ದೃಶ್ಯ ಕಾರ್ಮಿಕ' ಎಂಬ ವರ್ಗ ಇದೆ. ನಟರು, ಗಾಯಕರು, ನೃತ್ಯಗಾರರು, ನಿರೂಪಕರು ಎಲ್ಲ ಅದರಲ್ಲಿ ಬರುತ್ತಾರೆ. ಸಿನಿಮಾ, ಧಾರಾವಾಹಿ, ವೆಬ್ ಸರಣಿ, ರಿಯಾಲಿಟಿ ಶೋ, ಜಾಹೀರಾತು ಎಲ್ಲಕ್ಕೂ ಅನ್ವಯ. ನೇರವಾಗಿ ಕರೆದರೂ ಗುತ್ತಿಗೆದಾರನ ಮೂಲಕ ಕರೆದರೂ ಲಿಖಿತ ಒಪ್ಪಂದ ಬೇಕು, ನಿರ್ಮಾಪಕರು ಅದನ್ನು ಸಕ್ಷಮ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಸಂಭಾವನೆಯ ಮಿತಿಯನ್ನು ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳುತ್ತದೆ.

ಜೂನಿಯರ್ ಆರ್ಟಿಸ್ಟ್‌ಗಳಿಗೆ ಹತ್ತು ಪುಟದ ಒಪ್ಪಂದ ಮಾಡಿಸಲು ಹೊರಟರೆ ಪ್ರೊಡಕ್ಷನ್ ಮ್ಯಾನೇಜರ್ ಮುಂದಿನ ಸಲ ಬೇರೆ ಊರಿನವರನ್ನು ಕರೆಯುತ್ತಾರೆ. ಒಂದೇ ಪುಟದ, ಕನ್ನಡದಲ್ಲಿರುವ ಮಾದರಿ ಇಟ್ಟುಕೊಳ್ಳಿ, ಹಿಂಬದಿಯಲ್ಲಿ ಹೆಸರುಗಳ ಪಟ್ಟಿ. ಮುಖ್ಯವಾಗಿ ಇರಬೇಕಾದ್ದು ಹಣ ಕೊಡುವವರು ಯಾರು ಎಂಬುದು. ಕೋಆರ್ಡಿನೇಟರ್ ಹೆಸರಲ್ಲ, ನಿರ್ಮಾಣ ಸಂಸ್ಥೆಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ. ಧಾರಾವಾಹಿಗಳಲ್ಲಿ ಚಾನೆಲ್ ಬೇರೆ, ನಿರ್ಮಾಣ ಸಂಸ್ಥೆ ಬೇರೆ, ಅದರಿಂದ ಕೆಲಸ ಹಿಡಿದ ಲೈನ್ ಪ್ರೊಡ್ಯೂಸರ್ ಇನ್ನೂ ಬೇರೆ. ಗಲಾಟೆ ಆದಾಗ ಮೂವರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಕಾಗದದಲ್ಲಿ ಒಂದೇ ಹೆಸರು ಇದ್ದರೆ ನೋಟಿಸ್ ಯಾರಿಗೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಆಮೇಲೆ ಕಾಲ್‌ಶೀಟ್. "ಒಂದು ದಿನ" ಅಂತ ಬರೆಯಲೇಬೇಡಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಲೆಕ್ಕ ಶುರುವಾಗುವುದು ಬಸ್ ಹತ್ತಿದಾಗಲೋ ಸೆಟ್ಟಿಗೆ ಬಂದಾಗಲೋ ಮೇಕಪ್‌ಗೆ ಕೂತಾಗಲೋ. ದಾವಣಗೆರೆಯಿಂದ ವಾಣಿವಿಲಾಸ ಸಾಗರಕ್ಕೆ ಹೋಗಿಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ, ಆ ಸಮಯಕ್ಕೆ ಬೆಲೆ ಇಲ್ಲವೆಂದರೆ ರೇಟು ಅರ್ಧ ಆದಂತೆಯೇ. ಅವಧಿ ಮೀರಿದರೆ ಗಂಟೆಗೆ ಎಷ್ಟು ಅನ್ನುವ ಅಂಕಿ ಇರಲಿ. ಕರೆಸಿ ಶಾಟ್ ತೆಗೆಯದೆ ಕಳಿಸಿದರೆ, ಮಳೆ ಬಂದು ನಿಂತರೆ ಎಷ್ಟು ಪಾಲು ಕೊಡಬೇಕು ಅನ್ನುವುದೂ ಇರಲಿ. ಬಾಟಾ (ದಿನದ ಭತ್ಯೆ), ಊಟ, ಪ್ರಯಾಣ ರೇಟಿನ ಒಳಗೋ ಹೊರಗೋ? ಕೋಆರ್ಡಿನೇಟರ್ ಕಮಿಷನ್ ನಿರ್ಮಾಪಕರು ಪ್ರತ್ಯೇಕ ಕೊಡುತ್ತಾರೋ ಕಲಾವಿದರ ಹಣದಲ್ಲಿ ಮುರಿಯುತ್ತಾರೋ? ಮುರಿಯುವುದಾದರೆ ಶೇಕಡಾ ಎಷ್ಟು ಎಂದು ಬರೆದು ಅವರದ್ದೂ ಸಹಿ ಹಾಕಿಸಿ. ಬರೆಯದೇ ಇದ್ದಾಗ ಮಾತ್ರ ಹೇಳಿದ ರೇಟು ಒಂದು, ಕೈಗೆ ಬರುವುದು ಇನ್ನೊಂದು ಆಗುತ್ತದೆ.

ಹಣ ಬರುವ ತಾರೀಖು ಬೇಕೇ ಬೇಕು. "ಬಿಲ್ ಪಾಸ್ ಆದ ಮೇಲೆ" ಅನ್ನುವ ವಾಕ್ಯ ಕಂಡರೆ ಹೊಡೆದುಹಾಕಿ. ಚಾನೆಲ್‌ಗೂ ನಿರ್ಮಾಪಕರಿಗೂ ಇರುವ ವ್ಯವಹಾರಕ್ಕೆ ಕಲಾವಿದ ಕಾಯಬೇಕಾಗಿಲ್ಲ. ಜೂನಿಯರ್‌ಗಳಿಗೆ ಪ್ಯಾಕಪ್ ದಿನವೇ ಅಥವಾ ಏಳು ದಿನದೊಳಗೆ, ಪಾತ್ರಧಾರಿಗಳಿಗೆ 30 ದಿನದೊಳಗೆ, ಯುಪಿಐ ಅಥವಾ ಬ್ಯಾಂಕಿಗೆ ನೇರ. ಎಲ್ಲರ ಹಣವೂ ಒಬ್ಬರ ಖಾತೆಗೆ ಹೋಗುವ ಪದ್ಧತಿಗೆ ಯೂನಿಯನ್ ಮೊದಲ ದಿನವೇ ಒಪ್ಪಬಾರದು.

ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ವಿಷಯ ಕಲಾವಿದರು ನೋಡುವುದೇ ಇಲ್ಲ. ವೃತ್ತಿಪರ ಶುಲ್ಕವೆಂದು ಕೊಟ್ಟರೆ, ಒಬ್ಬರೇ ಕೊಡುವ ಹಣ ವರ್ಷಕ್ಕೆ 50,000 ದಾಟಿದಾಗ ಶೇ. 10 ಹಿಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ ಶೇ. 20. "ಟಿಡಿಎಸ್ ಹಿಡಿದಿದ್ದೇವೆ" ಎಂದು ಹೇಳಿ ಕಟ್ಟದೆ ಬಿಡುವವರೂ ಇದ್ದಾರೆ. ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ನಿಮ್ಮ ಪ್ಯಾನ್ ಎದುರು ಆ ಮೊತ್ತ ಕಾಣುತ್ತಿದೆಯೇ ನೋಡಿ. ಕಂಡರೆ ಎರಡು ಲಾಭ: ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಆ ಸಂಸ್ಥೆಗೆ ಕೆಲಸ ಮಾಡಿದ್ದಕ್ಕೆ ಅದೇ ದಾಖಲೆಯೂ ಆಗುತ್ತದೆ.

ಇನ್ನೊಂದು ಷರತ್ತನ್ನು ಈಗಲೇ ಸೇರಿಸಿ. ಮುಖ, ದೇಹ, ಧ್ವನಿಯನ್ನು ಸ್ಕ್ಯಾನ್ ಮಾಡಿ ಎಐ ಮೂಲಕ ಬೇರೆ ದೃಶ್ಯಕ್ಕೆ ಬಳಸುವುದಾದರೆ ಪ್ರತ್ಯೇಕ ಒಪ್ಪಿಗೆ, ಪ್ರತ್ಯೇಕ ಹಣ. ಅಮೆರಿಕದ ನಟರ ಯೂನಿಯನ್ ಸ್ಯಾಗ್-ಆಫ್ಟ್ರಾ 2023ರ ಜುಲೈ 14ರಿಂದ ನವೆಂಬರ್ 9ರವರೆಗೆ 118 ದಿನ ಮುಷ್ಕರ ಹೂಡಿದಾಗ ಇದು ಮುಖ್ಯ ಬೇಡಿಕೆಗಳಲ್ಲಿ ಒಂದು. ಕೋಟೆಯ ಯುದ್ಧದ ದೃಶ್ಯಕ್ಕೆ 200 ಜನರನ್ನು ಒಮ್ಮೆ ಸ್ಕ್ಯಾನ್ ಮಾಡಿಕೊಂಡರೆ ಮುಂದಿನ ಸಲ ಯಾರನ್ನೂ ಕರೆಯಬೇಕಾಗಿಲ್ಲ. ಮೊದಲು ಪೆಟ್ಟು ಬೀಳುವುದು ಗುಂಪಿನಲ್ಲಿ ನಿಲ್ಲುವವರಿಗೇ.

ಹರಿಹರದ_ಹುಡುಗ ಉತ್ತರ:

ಇದೆಲ್ಲ ಆಮ್ಯಾಲೆ ಮಾಡ್ರಿ. ಮೊದ್ಲು ಬೆಂಗಳೂರಿಂದ ಬಸ್ ತುಂಬ ಜೂನಿಯರ್‌ಗಳನ್ನ ತರೋದು ನಿಲ್ಲಬೇಕು. ನಮ್ಮ ಯೂನಿಯನ್ ಕಾರ್ಡ್ ಇಲ್ದೋರು ಈ ಎರಡು ಜಿಲ್ಲೆಯಾಗ ಕ್ಯಾಮೆರಾ ಮುಂದೆ ನಿಲ್ಲಂಗಿಲ್ಲ ಅಂತ ಬೈಲಾದಾಗೇ ಬರೀರಿ. ಶೂಟಿಂಗ್ ನಿಲ್ಲಿಸಿದ್ರೆ ತಾವೇ ದಾರಿಗೆ ಬರ್ತಾರ. ಡಬ್ಬಿಂಗ್ ಧಾರಾವಾಹಿ ವಿರುದ್ಧನೂ ಹೋರಾಟ ಆಗ್ಬೇಕು.

ಗಿರಣಿ_ಚೌಕ ಉತ್ತರ:

ತಮ್ಮಾ, ಸಿಟ್ಟು ಅರ್ಥವಾಗುತ್ತದೆ. ಆದರೆ ಆ ವಾಕ್ಯ ಬೈಲಾದಲ್ಲಿ ಬಂದರೆ ಯೂನಿಯನ್ ಹುಟ್ಟುವ ಮೊದಲೇ ವ್ಯಾಪಾರದಲ್ಲಿ ಪೈಪೋಟಿ ತಡೆಯುವವರನ್ನು ವಿಚಾರಿಸುವ ಸ್ಪರ್ಧಾ ಆಯೋಗದ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಡಬ್ಬಿಂಗ್ ತಡೆದ ಪ್ರಕರಣದಲ್ಲಿ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ ಮುಂತಾದವುಗಳ ವಿರುದ್ಧ ಆದೇಶ ಮಾಡಿ ದಂಡ ಹಾಕಿತು. ಪಶ್ಚಿಮ ಬಂಗಾಳದಲ್ಲಿ ಕಲಾವಿದರ ಮತ್ತು ತಂತ್ರಜ್ಞರ ಸಮನ್ವಯ ಸಮಿತಿ ಮಹಾಭಾರತದ ಡಬ್ಬಿಂಗ್ ಧಾರಾವಾಹಿಯ ಪ್ರಸಾರ ತಡೆಯಲು ಹೋದಾಗ, "ನಾವು ಕಾರ್ಮಿಕರ ಸಂಘಟನೆ" ಎಂಬ ವಾದ ಉಳಿಯಲಿಲ್ಲ. 2017ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆಯೋಗದ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಮುಂಬೈ ಚಿತ್ರೋದ್ಯಮದ ಒಕ್ಕೂಟಗಳ ಪ್ರಕರಣದಲ್ಲಿ, ನಿರ್ಮಾಪಕರು ಸದಸ್ಯರನ್ನು ಮಾತ್ರ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬ ಷರತ್ತೇ ಸ್ಪರ್ಧೆಗೆ ವಿರುದ್ಧ ಎಂದು ಆಯೋಗ ಹೇಳಿತು.

ರಂಗಬೆಳಕು ಅವರ ಮೂರನೇ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಬೆಂಗಳೂರಿನ ಕಾರ್ಡ್ ಇಲ್ಲದವರು ಅಭಿನಯಿಸಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ, ನೀವೂ ಬೇರೆಯವರಿಗೆ ಹಾಗೆ ಹೇಳುವಂತಿಲ್ಲ. ಯೂನಿಯನ್ ಒತ್ತಾಯಿಸಬಹುದಾದ್ದು ಕೆಲಸದ ಷರತ್ತು: ರೇಟು, ಗಂಟೆ, ಸುರಕ್ಷತೆ, ಪಾವತಿ. ಬೆಂಗಳೂರಿನಿಂದ ಬಂದವರಿಗೂ ಅದೇ ರೇಟು, ಅದೇ ಗಂಟೆ ಅಂತಾದರೆ ಬಸ್ಸು, ಲಾಡ್ಜು, ಬಾಟಾ ಖರ್ಚು ಮಾಡಿ ಅಷ್ಟು ದೂರದಿಂದ ಕರೆತರುವ ಲಾಭವೇ ಉಳಿಯುವುದಿಲ್ಲ. ಅವರನ್ನು ಎದುರು ಹಾಕಿಕೊಳ್ಳುವ ಬದಲು ಅವರ ಸಂಘಗಳ ಜೊತೆ ಸಮಾನ ರೇಟಿನ ಮಾತು ಆಡಿ.

ಮುಷ್ಕರದ ಬಗ್ಗೆ ಒಂದು ಎಚ್ಚರಿಕೆ. ಹೊಸ ಸಂಹಿತೆಯಲ್ಲಿ 14 ದಿನ ಮೊದಲು ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಸಾಮೂಹಿಕ ರಜೆ ಹಾಕಿದರೂ ಅದು ಮುಷ್ಕರವೇ. ನಾಲ್ಕು ದಿನಕ್ಕೆ ಬಂದು ಹೋಗುವ ಯೂನಿಟ್ ವಿಷಯದಲ್ಲಿ 14 ದಿನದ ನೋಟಿಸ್‌ನಿಂದ ಪ್ರಯೋಜನ ಇಲ್ಲ. ಅದಕ್ಕೇ ಕಾಲ್‌ಶೀಟ್ ಅವರು ಹೇಳಿದ ಒಂದು ಪುಟದ ಕಾಗದಕ್ಕೆ ಅಷ್ಟು ಬೆಲೆ. ಷರತ್ತು ಒಪ್ಪಿಗೆಯಾಗದಿದ್ದರೆ ಆ ಕೆಲಸವನ್ನೇ ಒಪ್ಪಿಕೊಳ್ಳದಿರುವುದು ಬೇರೆ, ಒಪ್ಪಿಕೊಂಡು ನಡುವೆ ನಿಲ್ಲಿಸುವುದು ಬೇರೆ.

ಚಂದ್ರವಳ್ಳಿ_ಅಕ್ಕ ಉತ್ತರ:

ಮಕ್ಕಳ ವಿಚಾರಕ್ಕೆ ಯಾರೂ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 14 ವರ್ಷದೊಳಗಿನ ಮಕ್ಕಳು ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ಅಭಿನಯಿಸಲು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ಅವಕಾಶ ಇದೆ, ಆದರೆ 2017ರ ನಿಯಮಗಳ ಷರತ್ತಿಗೆ ಒಳಪಟ್ಟು. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮಗು ದಾವಣಗೆರೆಯದಾಗಿ ಚಿತ್ರೀಕರಣ ಕೋಟೆಯಲ್ಲಾದರೆ ಅನುಮತಿ ಚಿತ್ರದುರ್ಗದ ಜಿಲ್ಲಾಧಿಕಾರಿಗಳದ್ದು. ನಿರ್ಮಾಪಕರು 'ಸಿ' ನಮೂನೆಯಲ್ಲಿ ಮುಚ್ಚಳಿಕೆ ಕೊಡಬೇಕು. ಮಕ್ಕಳ ಪಟ್ಟಿ, ತಂದೆ-ತಾಯಿಯ ಒಪ್ಪಿಗೆ, ಹೊಣೆ ಹೊತ್ತ ವ್ಯಕ್ತಿಯ ಹೆಸರು ಅದರಲ್ಲಿರಬೇಕು, ಅದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತವರು ಇರಬೇಕು.

ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ವಿಶ್ರಾಂತಿ ಇಲ್ಲದೆ ಸತತ ಮೂರು ಗಂಟೆಗಿಂತ ಹೆಚ್ಚು ಇಲ್ಲ, ಸತತ 27 ದಿನಕ್ಕಿಂತ ಹೆಚ್ಚು ಇಲ್ಲ. ಮಗುವಿಗೆ ಇಷ್ಟವಿಲ್ಲದಿದ್ದರೆ ಮಾಡಿಸುವಂತೆಯೇ ಇಲ್ಲ. ಮಗುವಿನ ಸಂಭಾವನೆಯಲ್ಲಿ ಕನಿಷ್ಠ ಶೇ. 20 ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ನೇರವಾಗಿ ಹೋಗಬೇಕು, ಕೈಗೆ ಸಿಗುವುದು ಪ್ರಾಪ್ತ ವಯಸ್ಸಿಗೆ ಬಂದಾಗ. ಈ ಠೇವಣಿಯನ್ನು ಬಹಳಷ್ಟು ಕಡೆ ಯಾರೂ ಮಾಡುವುದಿಲ್ಲ, ತಂದೆ-ತಾಯಿಗಳೂ ಕೇಳುವುದಿಲ್ಲ. ಯೂನಿಯನ್ ಒಂದು ಉಪಕಾರ ಮಾಡಬೇಕೆಂದರೆ ಠೇವಣಿ ರಸೀದಿಯ ನಕಲು ಬಾರದೆ ಎರಡನೇ ಶೆಡ್ಯೂಲ್‌ಗೆ ಮಗುವನ್ನು ಕಳಿಸಬೇಡಿ ಎಂದು ಪಾಲಕರಿಗೆ ಹೇಳಿ.

ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. 2022ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್ ಚಿತ್ರ ನಿರ್ಮಾಣ ಘಟಕಗಳಿಗೂ ಇದು ಬೇಕು ಎಂದು ಹೇಳಿದೆ. ಸಮಿತಿ ಇಲ್ಲದ ಸಣ್ಣ ಯೂನಿಟ್ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಮೂರು ತಿಂಗಳೊಳಗೆ. ಯೂನಿಟ್ ಕಳಿಸಿದ ವಾಹನವೂ ಕೆಲಸದ ಸ್ಥಳವೇ ಎಂದು ಕಾಯ್ದೆ ಹೇಳುತ್ತದೆ. ರಾತ್ರಿ ವಾಪಸ್ ಬರುವ ಟೆಂಪೋದಲ್ಲಿ ಆದದ್ದಕ್ಕೂ ದೂರು ಕೊಡಬಹುದು ಎಂದು ಸದಸ್ಯೆಯರಿಗೆ ತಿಳಿಸಿ. ಬಟ್ಟೆ ಬದಲಿಸಲು ಬಾಗಿಲು ಹಾಕುವ ಜಾಗ, ಶೌಚಾಲಯ ಇವೆರಡೂ ಒಪ್ಪಂದದ ಪುಟದಲ್ಲೇ ಇರಲಿ. ಕೋಟೆ, ಜೋಗಿಮಟ್ಟಿ ಕಡೆ ಇವಿಲ್ಲದೆ ನೀರು ಕುಡಿಯಲೂ ಹೆದರುವ ಪರಿಸ್ಥಿತಿ ಇರುತ್ತದೆ.

ನೀರಿನ ದೃಶ್ಯ, ಕುದುರೆ, ಎತ್ತರದಿಂದ ಹಾರುವುದು, ಬೆಂಕಿ ಇದ್ದರೆ ಜೂನಿಯರ್ ಆರ್ಟಿಸ್ಟ್ ಒಪ್ಪಿಕೊಳ್ಳಲೇಬಾರದು, ಅದು ಸಾಹಸ ಕಲಾವಿದರ ಕೆಲಸ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಲೈಫ್ ಜಾಕೆಟ್ ಇಲ್ಲದೆ ಹೆಲಿಕಾಪ್ಟರ್‌ನಿಂದ ಹಾರಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ಈಜು ಬಲ್ಲವರು, ದೋಣಿ, ಆಂಬುಲೆನ್ಸ್ ಸ್ಥಳದಲ್ಲಿ ಕಣ್ಣಿಗೆ ಕಾಣಬೇಕು, "ಕರೆಸುತ್ತೇವೆ" ಅಂದರೆ ಸಾಲದು.

ರಂಗಬೆಳಕು_ದಾವಣಗೆರೆ ಉತ್ತರ:

ಎಲ್ಲರಿಗೂ ಕೃತಜ್ಞತೆ. ಇನ್ನು ಎರಡು ಅನುಮಾನ. ಹಳೆಯ ಬಾಕಿಗೆ ಯೂನಿಯನ್ ನೋಂದಣಿಯಾದ ಮೇಲೆ ಅರ್ಜಿ ಹಾಕಬಹುದೇ? ಹಾಗೆಯೇ ಇಬ್ಬರು ಕೋಆರ್ಡಿನೇಟರ್‌ಗಳು ತಾವೂ ನಟಿಸುತ್ತೇವೆ, ಸದಸ್ಯತ್ವ ಕೊಡಿ, ಸದಸ್ಯರನ್ನೂ ನಾವೇ ಸೇರಿಸಿಕೊಡುತ್ತೇವೆ ಎನ್ನುತ್ತಿದ್ದಾರೆ.

ಗಿರಣಿ_ಚೌಕ ಉತ್ತರ:

ಎರಡನೆಯದಕ್ಕೆ ಮೊದಲು. ಕೊಡಬೇಡಿ. ಕೆಲಸ ಹಂಚುವವರ ಕೈಗೆ ಸದಸ್ಯತ್ವ ಪುಸ್ತಕ ಹೋದರೆ ಯೂನಿಯನ್ ಅವರ ಏಜೆನ್ಸಿ ಆಗುತ್ತದೆ. ದೂರು ಕೊಟ್ಟವರಿಗೆ ಮುಂದಿನ ಕರೆ ಬರುವುದಿಲ್ಲ, ಆಮೇಲೆ ದೂರೇ ಬರುವುದಿಲ್ಲ. "ಕಲಾವಿದರನ್ನು ಒದಗಿಸಿ ಕಮಿಷನ್ ಪಡೆಯುವವರು ಸದಸ್ಯರಾಗಲು ಅರ್ಹರಲ್ಲ, ಸದಸ್ಯರೊಬ್ಬರು ಆ ಕೆಲಸ ಶುರು ಮಾಡಿದರೆ ಸದಸ್ಯತ್ವ ನಿಲ್ಲುತ್ತದೆ" ಎಂದು ಬೈಲಾದಲ್ಲಿ ಸೇರಿಸಿ. ಅವರನ್ನು ಶತ್ರುಗಳಂತೆ ಕಾಣಬೇಕಿಲ್ಲ, ಕಮಿಷನ್ ದರದ ಒಪ್ಪಂದ ಮಾಡಿಕೊಳ್ಳಿ. ಅವರ ಜಾಗ ಮೇಜಿನ ಆಚೆ.

ಹಳೆಯ ಬಾಕಿ. ವೇತನ ಸಂಹಿತೆ 2019ರಲ್ಲಿ ಅರ್ಜಿಗೆ ಮೂರು ವರ್ಷದ ಅವಧಿ ಇದೆ. ಬಾಕಿ ಇರುವವರೂ ಹಾಕಬಹುದು, ಅವರು ಸದಸ್ಯರಾಗಿರುವ ನೋಂದಾಯಿತ ಯೂನಿಯನ್ನೂ ಹಾಕಬಹುದು. ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಯೂನಿಯನ್ ಹಾಕಿದಾಗ ಒಬ್ಬನ ಹೆಸರು ಎದ್ದು ಕಾಣುವುದಿಲ್ಲ, ಅದೇ ದೊಡ್ಡ ಲಾಭ.

ತೊಡಕು ಎಲ್ಲಿದೆ ಎಂದರೆ, ರಂಗತಂಡವೊಂದರ ಕಲಾವಿದರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಭೋಪಾಲದ ಭಾರತ್ ಭವನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಯೂನಿಯನ್ ನೋಂದಣಿಗೆ ಇದು ಅಡ್ಡಿಯಲ್ಲ, ಅಲ್ಲಿ ವ್ಯಾಖ್ಯೆ ವಿಶಾಲವಾಗಿದೆ. ಆದರೆ ವೇತನದ ಅರ್ಜಿಯಲ್ಲಿ ಎದುರಿನ ವಕೀಲರು ಇದನ್ನು ಎತ್ತಿಯೇ ಎತ್ತುತ್ತಾರೆ. ಹಾಗಾಗಿ ಗುಂಪಿನಲ್ಲಿ ದಿನಗೂಲಿಗೆ ನಿಂತ ಜೂನಿಯರ್‌ಗಳ ಅರ್ಜಿಯನ್ನೂ, ಹೆಸರಿರುವ ಪಾತ್ರ ಮಾಡಿದವರ ಅರ್ಜಿಯನ್ನೂ ಬೆರೆಸಬೇಡಿ. ಮೊದಲಿನವರದ್ದು ಗಟ್ಟಿ. ಎರಡನೆಯವರು, ಅದರಲ್ಲೂ ವೃತ್ತಿಪರ ಶುಲ್ಕವೆಂದು ಟಿಡಿಎಸ್ ಹಿಡಿಸಿಕೊಂಡವರು, ವಕೀಲರ ನೋಟಿಸ್ ಕೊಟ್ಟು ಒಪ್ಪಂದದ ಹಣವೆಂದು ಸಿವಿಲ್ ದಾರಿ ಹಿಡಿಯುವುದು ವಾಸಿ, ಅಲ್ಲೂ ಮೂರು ವರ್ಷ. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಟ್ಟರೆ ಖರ್ಚಿಲ್ಲದೆ ರಾಜಿಗೆ ಕರೆಯುತ್ತಾರೆ.

ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ, ಫೋನ್ ಬದಲಿಸಿದರೆ ಹಳೆಯದನ್ನು ಮಾರಬೇಡಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಬರೀ ಸ್ಕ್ರೀನ್‌ಶಾಟ್ ಸಾಲುವುದಿಲ್ಲ.

ಕಾಲ್‌ಶೀಟ್_577 ಉತ್ತರ:

ಇದಕ್ಕೆ ಸೇರಿಸಬೇಕಾದ್ದು ಎರಡು ಮಾತು. 2024ರ ಕರ್ನಾಟಕ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆಯಲ್ಲಿ ಸಿನಿಮಾ ಟಿಕೆಟ್, ಒಟಿಟಿ ಚಂದಾ ಮುಂತಾದವುಗಳ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ಹಾಕಿ ಕಲಾವಿದರಿಗೆ ನಿಧಿ ಮಾಡಲು ಅವಕಾಶ ಇದೆ. ಕ್ಷೇಮಾಭಿವೃದ್ಧಿ ಮಂಡಳಿಯಲ್ಲಿ ನೋಂದಾಯಿಸಲು ದುಡಿದದ್ದಕ್ಕೆ ಪುರಾವೆ ಬೇಕಾಗುತ್ತದೆ. ಆದ್ದರಿಂದ ಪ್ರತಿ ಸದಸ್ಯರಿಗೂ ಒಂದು ಕೆಲಸದ ಪುಸ್ತಕ ಮಾಡಿಸಿ. ತಾರೀಖು, ನಿರ್ಮಾಣದ ಹೆಸರು, ಜಾಗ, ಬಂದ ಮತ್ತು ಬಿಟ್ಟ ಗಂಟೆ, ಒಪ್ಪಿದ ಹಣ, ಬಂದ ಹಣ, ಪ್ರೊಡಕ್ಷನ್‌ನವರ ಸಹಿ. ಆ ಒಂದೇ ಪುಸ್ತಕ ಮಂಡಳಿಗೂ ಆಗುತ್ತದೆ, ಬಾಕಿ ಅರ್ಜಿಗೂ ಆಗುತ್ತದೆ.

ಚಂದಾ ತಿಂಗಳಿಗೆ 50 ರೂಪಾಯಿ ಇಟ್ಟರೆ 40 ಜನರಿಂದ ವರ್ಷಕ್ಕೆ 24,000 ಆಗುತ್ತದೆ, ಆಡಿಟ್, ನೋಟಿಸ್, ಓಡಾಟಕ್ಕೆ ಸಾಕು. ಅದರ ಜೊತೆಗೆ 18ರಿಂದ 70 ವಯಸ್ಸಿನ ಎಲ್ಲ ಸದಸ್ಯರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ವರ್ಷಕ್ಕೆ ತಲಾ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ ಎರಡು ಲಕ್ಷ. ಹಣ ಕಡಿತವಾಗುವುದು ಸದಸ್ಯರ ಸ್ವಂತ ಖಾತೆಯಿಂದ, ಮೇ ಕೊನೆಯಲ್ಲಿ. ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ, ಮೇ 20ರ ಹೊತ್ತಿಗೆ ಗುಂಪಿನಲ್ಲಿ ಒಂದು ಸಂದೇಶ ಹಾಕಿ. ಪಿಎಫ್, ಇಎಸ್‌ಐ ಇಲ್ಲದ, ಆದಾಯ ತೆರಿಗೆ ಕಟ್ಟದ 16ರಿಂದ 59ರೊಳಗಿನವರು ಅಸಂಘಟಿತ ಕಾರ್ಮಿಕರ ಇ-ಶ್ರಮ ಪೋರ್ಟಲ್‌ನಲ್ಲೂ ಹೆಸರು ಬರೆಸಲಿ, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿದ್ದರೆ ಗ್ರಾಮ ಒನ್ ಅಥವಾ ಸಿಎಸ್‌ಸಿ ಕೇಂದ್ರದಲ್ಲೇ ಆಗುತ್ತದೆ.